ರಕ್ಷಣೆಗೆ ಪ್ರತಿ ವರ್ಷ ಇಷ್ಟು ದುಡ್ಡು ಯಾಕೆ?

ಪ್ರಶ್ನೆ: 2025-26ಕ್ಕೆ ಕೇಂದ್ರ ಸರ್ಕಾರ ರಕ್ಷಣೆಗೆ 6.81 ಲಕ್ಷ ಕೋಟಿ ರೂ. ಇಟ್ಟಿದೆ. ಯುದ್ಧ ಬಂದಾಗ ಖರ್ಚು ಮಾಡಿದರೆ ಸಾಲದಾ?

ಉತ್ತರ 1: ಆಗ ದುಡ್ಡು ಸುರಿದರೂ ವಿಮಾನ ಸಿಗಲ್ಲ ಸ್ವಾಮಿ. 83 ತೇಜಸ್ ಯುದ್ಧವಿಮಾನಗಳಿಗೆ (73 ಮಾರ್ಕ್-1ಎ, 10 ತರಬೇತಿ ವಿಮಾನ) ಎಚ್‌ಎಎಲ್ ಜೊತೆ ಒಪ್ಪಂದ ಆಗಿದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೆ ಬೇಕಾದ ಎಫ್-404 ಎಂಜಿನ್ ಅಮೆರಿಕದ ಜಿಇ ಕಂಪನಿಯಿಂದ ಬರಬೇಕು. ಈ ಆರ್ಡರಿನ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಳೇ ಯುದ್ಧವಿಮಾನ ಮಿಗ್-21 ನಿವೃತ್ತಿಯಾಯಿತು. ವಾಯುಪಡೆಯಲ್ಲಿ 42 ಸ್ಕ್ವಾಡ್ರನ್ (ಯುದ್ಧವಿಮಾನಗಳ ತಂಡ) ಇರಬೇಕಾದಲ್ಲಿ ಉಳಿದದ್ದು 29.

ಉತ್ತರ 2: ಒಪ್ಪಿದೆ, ಆದರೆ ಒಟ್ಟು ಮೊತ್ತ ನೋಡಿ ಬೆರಗಾಗಬೇಡಿ. ಸುಮಾರು 1.6 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತೆ. ವಿಮಾನ, ಹಡಗು, ಫಿರಂಗಿ ಎಲ್ಲ ಸೇರಿ ಬಂಡವಾಳ ವೆಚ್ಚ 1.8 ಲಕ್ಷ ಕೋಟಿ, ಅದರಲ್ಲೂ ಹಳೇ ಒಪ್ಪಂದಗಳ ಕಂತು ಕಳೆಯಬೇಕು. ‘ಬಜೆಟ್ ಏರಿಸಿ’ ಅನ್ನೋರು ಮೊದಲು ಈ ಸಾಲು ಓದಲಿ.

ಪ್ರಶ್ನೆ ಕೇಳಿದವರು: ಎಂಜಿನ್ ಇಲ್ಲೇ ಮಾಡಬಹುದಲ್ವಾ?

ಉತ್ತರ 1: ಬೆಂಗಳೂರಿನಲ್ಲಿರೋ ಸರ್ಕಾರಿ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಗೆ ಕಾವೇರಿ ಎಂಜಿನ್ ಯೋಜನೆ ಮಂಜೂರಾಗಿದ್ದು 1989ರಲ್ಲಿ. ತೂಕ ಹೆಚ್ಚಾಯಿತು, ತೇಜಸ್‌ಗೆ ಬೇಕಾದ ನೂಕುಬಲ ಬರಲಿಲ್ಲ. ಎತ್ತರದ ಹಾರಾಟದ ಪರೀಕ್ಷೆಗೆ ಇಲ್ಲಿ ಸೌಲಭ್ಯವೇ ಇರಲಿಲ್ಲ, ರಷ್ಯಾಕ್ಕೆ ಒಯ್ಯಬೇಕಾಯಿತು. ಇಂಥ ಪರೀಕ್ಷಾ ಕೇಂದ್ರಕ್ಕೆ ಶಾಂತಿಕಾಲದಲ್ಲೇ ದುಡ್ಡು ಹಾಕಬೇಕು.