ಆಲ್ಫಾ ಮೈನಸ್ ಬರ್ತಿದೆ, ಎಲ್ಲಿ ಎಡವಿದೀನಿ?

ಕೋಥ್ರೂಡ್_ಹುಡುಗಿ:
ನಮಸ್ಕಾರ. ಪುಣೆಯಲ್ಲಿ ಎಂ.ಎ. ಸೈಕಾಲಜಿ, ಎರಡನೇ ವರ್ಷ. ಆತಂಕ ಅಳೆಯೋಕೆ 20 ಪ್ರಶ್ನೆ ನಾನೇ ಕನ್ನಡದಲ್ಲಿ ಬರೆದು, ಭೋಸರಿ, ಚಿಂಚವಡ ಕಡೆ ಕಾರ್ಖಾನೆಗೆ ಹೋಗೋ ವಿಜಯಪುರ, ಕಲಬುರಗಿಯ 64 ಮಂದಿಯಿಂದ ತುಂಬಿಸಿಕೊಂಡೆ. ಉತ್ತರಕ್ಕೆ ಐದು ಮನೆ: 1 'ಎಂದೂ ಇಲ್ಲ', 5 'ಯಾವಾಗಲೂ'. ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಕ್ರಾನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದತ್ತೆ ಅನ್ನೋ ಅಳತೆ) −0.13! ಸೊನ್ನೆಯಿಂದ ಒಂದರೊಳಗೆ ಇರತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು. ಶುಕ್ರವಾರ ಗೈಡ್‌ಗೆ ತೋರಿಸಬೇಕು.

ಅಂಕಿಮಾವ:
ಸೊನ್ನೆಗಿಂತ ಕೆಳಗೂ ಇಳಿಯತ್ತೆ. ಪ್ರಶ್ನೆಗಳ ನಡುವಿನ ಸರಾಸರಿ ಕೋವೇರಿಯನ್ಸ್, ಅಂದ್ರೆ ಎರಡು ಪ್ರಶ್ನೆಯ ಅಂಕ ಜೊತೆಜೊತೆಗೆ ಏರಿಳಿಯೋ ಅಳತೆ, ಮೈನಸ್ ಆದ್ರೆ ಆಲ್ಫಾನೂ ಮೈನಸ್. ಟೇಬಲ್ ಕೆಳಗೆ ಸಣ್ಣಕ್ಷರದಲ್ಲಿ ಎಸ್‌ಪಿಎಸ್‌ಎಸ್ ಅದನ್ನೇ ಹೇಳಿರತ್ತೆ, ಯಾರೂ ಓದಲ್ಲ. 'ಮನಸ್ಸು ಹಗುರಾಗಿರುತ್ತದೆ' ಥರದ ಉಲ್ಟಾ ಪ್ರಶ್ನೆ ಎಷ್ಟಿವೆ? ಅವನ್ನ ತಿರುಗಿಸಿದೀರಾ? 6ರಿಂದ ಅಂಕ ಕಳೆದರೆ ಆಯ್ತು. ಖಾಲಿ ಬಿಟ್ಟ ಜಾಗಕ್ಕೆ ಗುರುತಿಗೆ 9 ಹಾಕಿ, ಅದೂ ಅಂಕ ಅಂತ ಲೆಕ್ಕಕ್ಕೆ ಸೇರಿಲ್ಲ ತಾನೇ?

ಕೋಥ್ರೂಡ್_ಹುಡುಗಿ:
9 ಎಲ್ಲೂ ಇಲ್ಲ. ಉಲ್ಟಾ ಪ್ರಶ್ನೆ 12 ಇವೆ, ತಿರುಗಿಸೇ ಇರಲಿಲ್ಲ 🙈 ಈಗ 0.66. ಆದ್ರೆ 7, 12, 15, 18, ಈ ನಾಲ್ಕರ ಐಟಂ-ಟೋಟಲ್ ಕೊರಿಲೇಶನ್ (ಒಂದು ಪ್ರಶ್ನೆ ಉಳಿದವುಗಳ ಮೊತ್ತದ ಜೊತೆ ಎಷ್ಟು ಹೊಂದತ್ತೆ ಅನ್ನೋದು) ಮಾತ್ರ ಇನ್ನೂ ಮೈನಸ್, −0.14ರಿಂದ −0.21. ಮತ್ತೊಮ್ಮೆ ತಿರುಗಿಸಿಬಿಡ್ಲಾ?

ಧಾರವಾಡದಾಂವ:
ತಡಿ ತಂಗಿ, ತಿರುವಬ್ಯಾಡ. ಆ ನಾಲ್ಕು ಪ್ರಶ್ನಿ ಇಲ್ಲೆ ಹಾಕು ಮೊದಲ.

ಕೋಥ್ರೂಡ್_ಹುಡುಗಿ:
7: ನನಗೆ ಯಾವ ಚಿಂತೆಯೂ ಇಲ್ಲ. 12: ರಾತ್ರಿ ಎಚ್ಚರವಾಗುವುದಿಲ್ಲ. 15: ಎದೆ ಡವಗುಟ್ಟುವುದಿಲ್ಲ. 18: ಜನರ ನಡುವೆ ಭಯವಾಗುವುದಿಲ್ಲ.

ಧಾರವಾಡದಾಂವ:
ಸಿಕ್ತು ನೋಡು! ನಾಲ್ಕೂ 'ಇಲ್ಲ'ದ ವಾಕ್ಯ. ಕೆಳಗ ಉತ್ತರ 'ಎಂದೂ ಇಲ್ಲ'. ಭಯ ಇಲ್ದಾಂವ ಏನ್ ಅಂತಾನ? 'ಹೌದ್ರೀ, ಎಂದೂ ಇಲ್ಲ' ಅಂತ 1ಕ್ಕ ಟಿಕ್ ಹಾಕ್ತಾನ. ನಿನ್ನ ಲೆಕ್ಕದಾಗ ಅಂವಾ 5 ಹಾಕಬೇಕಿತ್ತು. ಇಂಗ್ಲಿಷ್‌ನ್ಯಾಗ ಬ್ಯಾರೆ ಮಾತು, ನಮ್ಮ ಭಾಷಾದಾಗ 'ಎಂದೂ' ಬಂತಂದ್ರ ಬೆನ್ನಿಗೆ 'ಇಲ್ಲ' ಬಂದ ಬರ್ತದ. ಕೆಲವರು ನೀ ಅಂದ್ಕೊಂಡಂಗ ತಿಳ್ಕೊಂಡಾರ, ಕೆಲವರು ಹಿಂಗ. ಯಾರು ಹೆಂಗ ಅಂತ ಹಾಳಿ ನೋಡಿ ಹೇಳ್ಳಿಕ್ಕೆ ಆಗೂದಿಲ್ಲ, ಅದಕ್ಕ ತಿರುವಬ್ಯಾಡ ಅಂದೆ.

ಅಂಕಿಮಾವ:
ಭಲೇ, ಇದು ನನಗೆ ಹೊಳೆದಿರಲಿಲ್ಲ. ನಾಲ್ಕನ್ನೂ ಬಿಟ್ಟು ನೋಡಿ. ಯಾಕೆ ಬಿಟ್ಟಿರಿ ಅಂತ ಬರೆಯಿರಿ, 0.66 ಕೂಡ ಮುಚ್ಚಿಡಬೇಡಿ.

ಕೋಥ್ರೂಡ್_ಹುಡುಗಿ:
16 ಪ್ರಶ್ನೆಗೆ 0.78! ಇನ್ನೂ ಎರಡು ತೆಗೆದು ನೋಡಿದ್ರೆ 0.80 ಬರ್ತಿದೆ.

ಅಂಕಿಮಾವ:
ಆ ಚಟಕ್ಕೆ ಬೀಳಬೇಡಿ. ಈ ನಾಲ್ಕು ತೆಗೆಯೋಕೆ ಭಾಷೆಯ ಕಾರಣ ಇತ್ತು. ಆ ಎರಡಕ್ಕೆ? 64 ಜನರ ಡೇಟಾದಲ್ಲಿ ಹಾಗೆ ಆರಿಸ್ತಾ ಹೋದ್ರೆ ಮುಂದಿನ 64 ಜನರಲ್ಲಿ ಆ 0.80 ಸಿಗೋದು ಅನುಮಾನ. 1951ರಲ್ಲಿ ಲೀ ಕ್ರಾನ್‌ಬ್ಯಾಕ್ ಈ ಅಳತೆಗೆ ಆಲ್ಫಾ ಅಂತ ಹೆಸರಿಟ್ಟರು. ಜನ ಅದನ್ನ ಪರೀಕ್ಷೆ ಮಾರ್ಕ್ಸ್ ಥರ ಏರಿಸೋಕೆ ನೋಡ್ತಾರೆ. ಪ್ರಶ್ನೆ ಪ್ರಶ್ನೆಗಳ ನಡುವಿನ ಸರಾಸರಿ ಕೊರಿಲೇಶನ್ ಬರೀ 0.18 ಇದ್ರೂ 16 ಪ್ರಶ್ನೆಗೆ 0.78 ಬರತ್ತೆ, 32 ಮಾಡಿದ್ರೆ 0.88. ಹಾಗಾಗಿ ಆಲ್ಫಾ ಜಾಸ್ತಿ ಅಂದಮಾತ್ರಕ್ಕೆ ಎಲ್ಲಾ ಪ್ರಶ್ನೆ ಒಂದೇ ವಿಷಯ ಅಳೀತಿವೆ ಅಂತಲ್ಲ.
ಒಟ್ಟು ಅಂಕದ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನೋದು) ಎಷ್ಟು?

ಕೋಥ್ರೂಡ್_ಹುಡುಗಿ:
9.

ಅಂಕಿಮಾವ:
1ರಿಂದ 0.78 ಕಳೆದ್ರೆ 0.22, ವರ್ಗಮೂಲ 0.47, ಎಸ್‌ಡಿಯಿಂದ ಗುಣಿಸಿದ್ರೆ ಸುಮಾರು 4.2. ಇದು ಮಾಪನದ ಸ್ಟ್ಯಾಂಡರ್ಡ್ ಎರರ್, ಅಂದ್ರೆ ಒಬ್ಬರ ಅಂಕದಲ್ಲಿ ಇರಬಹುದಾದ ಏರುಪೇರು. 95% ಭರವಸೆ ಬೇಕಂದ್ರೆ ಅದರ ಸುಮಾರು ಎರಡರಷ್ಟು, ಆಚೆ ಈಚೆ 8 ಅಂಕ. ಗುಂಪು ಗುಂಪು ಹೋಲಿಸೋಕೆ ಸಾಕು. 'ಈತನಿಗೆ 52, ಆತನಿಗೆ 47, ಈತನಿಗೇ ಆತಂಕ ಜಾಸ್ತಿ' ಅಂತ ಮಾತ್ರ ಬರೀಬೇಡಿ.

ಧಾರವಾಡದಾಂವ:
ಇನ್ನೊಂದು. 'ಡವಗುಟ್ಟು' ಅಂತ ನಮ್ಮ ಕಡೆ ಅನ್ನೂದಿಲ್ಲ, 'ಎದಿ ಢವಢವ ಅಂತದ' ಅಂತಾರ. ಮುಂದಿನ ಸಲ ಹಾಳಿ ಕೊಡೂಕಿಂತ ಮೊದಲ ಐದಾರು ಮಂದಿ ಮುಂದ ಓದಿ, 'ಇದು ಏನಂತ ತಿಳೀತು?' ಅಂತ ಕೇಳು.

ಕೋಥ್ರೂಡ್_ಹುಡುಗಿ:
18 ಬಿಟ್ಟು ಉಳಿದ ಮೂರೂ ಪ್ರಶ್ನೆ 'ಇಲ್ಲ' ಇಲ್ಲದ ಹಾಗೆ ತಿದ್ದಿದೆ. 7 ಈಗ 'ನಿಶ್ಚಿಂತೆಯಿಂದ ಇರ್ತೀನಿ'. ಭಾನುವಾರ ಭೋಸರಿಗೆ ಹೋಗ್ತಿದೀನಿ. ಅಣ್ಣಾ, 18 ಹೇಗೆ ಬರೆದ್ರೆ ಸರಿ?

ಧಾರವಾಡದಾಂವ:
'ಮಂದ್ಯಾಗ ಧೈರ್ಯಾದಿಂದ ಮಾತಾಡ್ತೀನಿ'. ಅವರು ಏನಂತಾರ ಸೋಮವಾರ ಇಲ್ಲೇ ಹಾಕು.