ಪಿಕಿಯಾದಲ್ಲಿ ಕಾಲೊನಿ ಬಂತು, ಪ್ರೋಟೀನ್ ಬರಲಿಲ್ಲ: ಎಲ್ಲೆಲ್ಲಿ ನೋಡಬೇಕು?

ಕೇಳಿದ್ದು: ಮೂರು ಡೈಸಲ್ಫೈಡ್ ಬಂಧ, ಎರಡು ಎನ್-ಗ್ಲೈಕೋಸಿಲೇಶನ್ ಜಾಗ (ಸಕ್ಕರೆ ಸರಪಳಿ ಅಂಟುವ ಜಾಗ) ಇರುವ 32 ಕಿಲೋಡಾಲ್ಟನ್ ಪ್ರೋಟೀನ್. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಪೂರ್ತಿ ಇನ್‌ಕ್ಲೂಷನ್ ಬಾಡಿ (ಸರಿಯಾಗಿ ಮಡಚದ ಪ್ರೋಟೀನ್ ಮುದ್ದೆ) ಆಗುತ್ತಿತ್ತು, ಅದಕ್ಕೆ ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟ್ ಹಿಡಿದಿದ್ದೇವೆ. ಪಿಪಿಕ್‌ಜೆಡ್ ಆಲ್ಫಾ ಎ ವೆಕ್ಟರ್ (ಜೀನ್ ಒಯ್ಯುವ ಪ್ಲಾಸ್ಮಿಡ್), ಎಕ್ಸ್-33 ತಳಿ, ಜಿಯೋಸಿನ್ (ವೆಕ್ಟರ್ ಸೇರಿದ ಕೋಶ ಮಾತ್ರ ಬದುಕುವ ಆಂಟಿಬಯೋಟಿಕ್) ಎಂಎಲ್‌ಗೆ 100 ಮೈಕ್ರೋಗ್ರಾಂ ಇರುವ ಪ್ಲೇಟ್‌ನಲ್ಲಿ ಕಾಲೊನಿಗಳು ಚೆನ್ನಾಗಿವೆ. ಒಂದು ಕಾಲೊನಿ ತೆಗೆದು 250 ಎಂಎಲ್ ಫ್ಲಾಸ್ಕ್‌ನಲ್ಲಿ 100 ಎಂಎಲ್ ಬಿಎಂಎಂವೈ (ಮೆಥನಾಲ್ ಇರುವ ಮೀಡಿಯಾ), ಮೇಲೆ ಫಾಯಿಲ್, 30 ಡಿಗ್ರಿ, ದಿನಕ್ಕೊಮ್ಮೆ 0.5% ಮೆಥನಾಲ್. ಮೂರನೇ ದಿನ 15 ಮೈಕ್ರೋಲೀಟರ್ ಸೂಪರ್ನೇಟೆಂಟ್ (ಕೋಶ ತೆಗೆದ ಮೇಲಿನ ದ್ರವ) ಜೆಲ್‌ಗೆ ಹಾಕಿದರೆ ಏನೂ ಇಲ್ಲ. ಜೀನ್ ಮತ್ತೆ ಸಿಂಥೆಸಿಸ್ ಮಾಡಿಸಬೇಕಾ?

ಉತ್ತರ 1: ಜೀನ್ ತಂಟೆಗೆ ಈಗಲೇ ಹೋಗಬೇಡಿ. ತೊಂದರೆ ಫ್ಲಾಸ್ಕ್‌ನಲ್ಲೇ ಇದೆ. 250 ಎಂಎಲ್ ಫ್ಲಾಸ್ಕ್‌ಗೆ 25 ಎಂಎಲ್ ದಾಟಬಾರದು. ಬ್ಯಾಫಲ್ ಇರುವ ಫ್ಲಾಸ್ಕ್ ತಗೊಳ್ಳಿ, ಫಾಯಿಲ್ ಬದಲು ಎರಡು ಪದರ ಗಾಜ್ ಬಟ್ಟೆ ಕಟ್ಟಿ, 250ರಿಂದ 300 ಆರ್‌ಪಿಎಂ ಕೊಡಿ. ಮೆಥನಾಲ್ ಜೀರ್ಣವಾಗುವ ಮೊದಲ ಹೆಜ್ಜೆಗೇ ಆಮ್ಲಜನಕ ಬೇಕು. ಅದಿಲ್ಲದಿದ್ದರೆ ಕೋಶಗಳು ಸುಮ್ಮನೆ ಕೂತಿರುತ್ತವೆ. ಬೆಂಗಳೂರಿನ ಬಯೋಕಾನ್ ಇನ್ಸುಲಿನ್ ತೆಗೆಯುವುದೂ ಇದೇ ಪಿಕಿಯಾದಿಂದ, ಅದರಲ್ಲೂ ಡೈಸಲ್ಫೈಡ್ ಮೂರೇ. ಆದರೆ ಅಲ್ಲಿರುವುದು ಗಾಳಿ ಊದುವ ಫರ್ಮೆಂಟರ್, ಫಾಯಿಲ್ ಸುತ್ತಿದ ಫ್ಲಾಸ್ಕ್ ಅಲ್ಲ!

ಎರಡನೆಯದು ಗ್ಲಿಸರಾಲ್. ಬಿಎಂಜಿವೈನಲ್ಲಿ (ಗ್ಲಿಸರಾಲ್ ಇರುವ ಮೀಡಿಯಾ) ಒಡಿ, ಅಂದರೆ ಕೋಶಗಳ ದಟ್ಟಣೆಯ ಅಳತೆ, 2ರಿಂದ 6 ಆಗುವವರೆಗೆ ಬೆಳೆಸಿ, 3000 ಜಿಯಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ದ್ರವ ಒಂದು ಹನಿಯೂ ಉಳಿಯದಂತೆ ಚೆಲ್ಲಿ. ಗ್ಲಿಸರಾಲ್ ಉಳಿದಷ್ಟು ಹೊತ್ತು ಎಒಎಕ್ಸ್1 ಪ್ರೊಮೋಟರ್ (ಮೆಥನಾಲ್ ಸಿಕ್ಕಾಗ ನಿಮ್ಮ ಜೀನ್ ಚಾಲೂ ಮಾಡುವ ಸ್ವಿಚ್) ಬಾಯಿ ಬಿಡುವುದಿಲ್ಲ. ತಳದ ಕೋಶಗಳನ್ನು ಬಿಎಂಎಂವೈನಲ್ಲಿ ಒಡಿ 1ಕ್ಕೆ ಕಲಕುವುದು ಕೈಪಿಡಿಯ ಲೆಕ್ಕ. ಸ್ರವಿಸುವ ಪ್ರೋಟೀನ್ ಆದರೆ ಒಡಿ 10ರಿಂದ ಶುರು ಮಾಡಿದರೂ ನಡೆಯುತ್ತದೆ, ಗಾಳಿ ಸಾಕಷ್ಟಿದ್ದರೆ.

25 ಎಂಎಲ್‌ಗೆ 0.5% ಅಂದರೆ 125 ಮೈಕ್ರೋಲೀಟರ್ ಮೆಥನಾಲ್. ಕೋಶ ದಟ್ಟವಾದ ಮೇಲೆ ದಿನಕ್ಕೊಮ್ಮೆ ಸಾಲದು, ಒಂದಷ್ಟು ಆವಿಯಾಗುತ್ತದೆ, ಉಳಿದದ್ದನ್ನು ಕೋಶ ಬೇಗ ತಿಂದು ಮುಗಿಸುತ್ತದೆ. 12 ಗಂಟೆಗೊಮ್ಮೆ ಹಾಕಿ. ಹಾಗಂತ ಒಂದೇ ಸಲ 2-3% ಸುರಿಯಬೇಡಿ, ಫಾರ್ಮಾಲ್ಡಿಹೈಡ್ ಶೇಖರವಾಗಿ ಕೋಶ ಸಾಯುತ್ತದೆ. ಶೇಕರ್ 28 ಡಿಗ್ರಿಗೆ ಇಳಿಸಿ. ಬೇಸಿಗೆಯಲ್ಲಿ ಕೂಲಿಂಗ್ ಕೈಕೊಟ್ಟು 32 ದಾಟಿದರೆ ಇಂಡಕ್ಷನ್ (ಮೆಥನಾಲ್ ಕೊಟ್ಟು ಪ್ರೋಟೀನ್ ಮಾಡಿಸುವುದು) ಮುಗಿದ ಹಾಗೆ. ಡಿಸ್‌ಪ್ಲೇ ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ.

ಉತ್ತರ 2: ಒಂದೇ ಕಾಲೊನಿ ನೋಡಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ 8-10 ಕ್ಲೋನ್, ಜೊತೆಗೆ ಖಾಲಿ ವೆಕ್ಟರ್ ಇರುವ ಒಂದು ಕಂಟ್ರೋಲ್. ಮೊದಲು ಪಿಸಿಆರ್. ಎಒಎಕ್ಸ್1ರ ಎರಡು ಪ್ರೈಮರ್ ಹಾಕಿದರೆ ಎಕ್ಸ್-33ರಲ್ಲಿ 2.2 ಕೆಬಿಯ ಬ್ಯಾಂಡ್ ಹೇಗೂ ಬರುತ್ತದೆ, ಅದು ಯೀಸ್ಟ್‌ನ ಸ್ವಂತ ಜೀನ್. ನಿಮ್ಮದು ಅದಕ್ಕಿಂತ ಕೆಳಗೆ, ಇನ್ಸರ್ಟ್‌ನ (ನೀವು ಸೇರಿಸಿದ ಜೀನ್) ಉದ್ದಕ್ಕೆ ವೆಕ್ಟರ್‌ನ ಸುಮಾರು 500 ಬೇಸ್ ಸೇರಿಸಿದ ಜಾಗದಲ್ಲಿ, ಅಂದರೆ 1.4 ಕೆಬಿ ಆಸುಪಾಸು ಕಾಣಬೇಕು. 2.2 ಮಾತ್ರ ಕಂಡರೆ ಆ ಕ್ಲೋನ್ ಬಿಡಿ. ಕಾಲೊನಿಯನ್ನು ನೇರ ಟ್ಯೂಬ್‌ಗೆ ಮುಟ್ಟಿಸಿದರೆ ಏನೂ ಬಾರದಿರಬಹುದು, ಗೋಡೆ ಗಟ್ಟಿ. ಮೊದಲು ಲೈಟಿಕೇಸ್ (ಗೋಡೆ ಕರಗಿಸುವ ಕಿಣ್ವ) ಕೊಟ್ಟು ಫ್ರೀಜ್ ಮಾಡಿ, ಅಥವಾ ಜೀನೋಮಿಕ್ ಡಿಎನ್ಎ ತೆಗೆದೇ ಮಾಡಿ.

ಸೀಕ್ವೆನ್ಸ್ ಮತ್ತೊಮ್ಮೆ ಓದಿ: ಆಲ್ಫಾ ಫ್ಯಾಕ್ಟರ್ (ಪ್ರೋಟೀನನ್ನು ಕೋಶದ ಹೊರಗೆ ಕಳಿಸುವ, ವೆಕ್ಟರ್‌ನಲ್ಲಿರುವ ಸಂಕೇತ) ಜೊತೆ ಫ್ರೇಮ್ ಸರಿಯಿದೆಯೇ, ಕೊನೆಯ ಹಿಸ್ಟಿಡಿನ್ ಟ್ಯಾಗ್ ಬೇಕಿದ್ದರೆ ಸ್ಟಾಪ್ ಕೋಡಾನ್ ತೆಗೆದಿದ್ದೀರಾ. ಟ್ಯಾಗ್‌ಗೆ ಮುಂಚೆಯೇ ಸ್ಟಾಪ್ ಇದ್ದರೆ ಪ್ರೋಟೀನ್ ಇದ್ದೂ ಆ ಟ್ಯಾಗ್ ಹುಡುಕುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಕಾಣುವುದಿಲ್ಲ.

ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡುವುದಾದರೆ 5ರಿಂದ 10 ಮೈಕ್ರೋಗ್ರಾಂ ಪ್ಲಾಸ್ಮಿಡ್ ಅನ್ನು ಸ್ಯಾಕ್1 ಇಲ್ಲವೇ ಪಿಎಂಇ1 ಎಂಬ ಡಿಎನ್ಎ ಕತ್ತರಿಸುವ ಕಿಣ್ವದಿಂದ ಪೂರ್ತಿ ಕತ್ತರಿಸಿ, ಇನ್ಸರ್ಟ್ ಒಳಗೆ ಆ ಸೈಟ್ ಇರದಿದ್ದರೆ ಮಾತ್ರ. ವಿದ್ಯುತ್ ಪಲ್ಸ್‌ಗೆ 0.2 ಸೆಂ.ಮೀ. ಕುವೆಟ್, 1.5 ಕಿಲೋವೋಲ್ಟ್. ಪಲ್ಸ್ ಆದ ತಕ್ಷಣ 1 ಎಂಎಲ್ ತಣ್ಣನೆ ಸಾರ್ಬಿಟಾಲ್.

ಉತ್ತರ 3: 15 ಮೈಕ್ರೋಲೀಟರ್ ಬರೀ ಸೂಪರ್ನೇಟೆಂಟ್‌ನಲ್ಲಿ ಕೂಮಾಸಿ ಬಣ್ಣಕ್ಕೆ ಏನು ಸಿಗುತ್ತದೆ? 1 ಎಂಎಲ್ ತಗೊಂಡು ಟಿಸಿಎ (ಪ್ರೋಟೀನನ್ನು ತಳಕ್ಕಿಳಿಸುವ ಆಮ್ಲ) ಕೊನೆಗೆ 15% ಆಗುವಂತೆ ಸೇರಿಸಿ, ಐಸ್ ಮೇಲೆ ಅರ್ಧ ಗಂಟೆ, ತಿರುಗಿಸಿ, ತಣ್ಣನೆ ಅಸಿಟೋನ್‌ನಲ್ಲಿ ಎರಡು ಸಲ ತೊಳೆದು ಲೋಡ್ ಮಾಡಿ. ಸ್ಯಾಂಪಲ್ ಬಫರ್ ಹಳದಿಯಾದರೆ ಆಮ್ಲ ಉಳಿದಿದೆ, ಚೂರು ಟ್ರಿಸ್ ಹಾಕಿ. 24, 48, 72, 96 ಗಂಟೆ, ನಾಲ್ಕೂ ಇರಲಿ. ಪ್ರತಿ ಸಲ ಪೆಲೆಟ್ ಕೂಡ ಉಳಿಸಿ 0.5 ಮಿ.ಮೀ. ಗಾಜಿನ ಮಣಿಗಳಿಂದ ಒಡೆದು ನೋಡಿ. ಪ್ರೋಟೀನ್ ಒಳಗೇ ಸಿಕ್ಕಿಕೊಂಡಿದ್ದರೆ ಅದು ಸ್ರವಿಸುವಿಕೆಯ ತೊಂದರೆ, ಇಂಡಕ್ಷನ್‌ದಲ್ಲ.

ಇನ್ನೊಂದು, 32ರ ಜಾಗದಲ್ಲೇ ಹುಡುಕುತ್ತಿದ್ದರೆ ತಪ್ಪಿಹೋಗುತ್ತದೆ. ಒಂದೊಂದು ಗ್ಲೈಕೋಸಿಲೇಶನ್ ಜಾಗಕ್ಕೆ ಸುಮಾರು 2 ಕಿಲೋಡಾಲ್ಟನ್ ಮ್ಯಾನೋಸ್ ಸೇರಿ ಬ್ಯಾಂಡ್ 36ರ ಮೇಲೆ, ಅದೂ ಉಜ್ಜಿದ ಹಾಗೆ ಹರಡಿಕೊಂಡಿರಬಹುದು. ಎಂಡೋ ಎಚ್ (ಆ ಸಕ್ಕರೆ ಕತ್ತರಿಸುವ ಕಿಣ್ವ) ಹಾಕಿದಾಗ ಆ ಮಬ್ಬು ಒಂದು ಗೆರೆಯಾಗಿ ಕೆಳಗಿಳಿದರೆ ಅದೇ ನಿಮ್ಮ ಪ್ರೋಟೀನ್.

48ರಲ್ಲಿ ಕಂಡದ್ದು 96ಕ್ಕೆ ಮಾಯವಾದರೆ ಅದು ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಕೆಲಸ. ಬಿಎಂಎಂವೈಗೆ 1% ಕ್ಯಾಸಮಿನೋ ಆಸಿಡ್, ತಾಪಮಾನ 20-22, ಪಿಎಚ್ 3ರಿಂದ 7ರವರೆಗೆ ಬದಲಿಸಿ ನೋಡಿ. ಆಗಲೂ ಉಳಿಯದಿದ್ದರೆ ಮಾತ್ರ ಪ್ರೋಟಿಯೇಸ್ ಕಡಿಮೆಯಿರುವ ಎಸ್‌ಎಂಡಿ1168 ತಳಿ. ಅದರ ಬೆಳವಣಿಗೆ ನಿಧಾನ.

ಕೇಳಿದವರು: ಜಿಯೋಸಿನ್ 1000, 2000ಕ್ಕೆ ಏರಿಸಿ ಜೀನ್‌ನ ಹೆಚ್ಚು ಕಾಪಿಯ ಕ್ಲೋನ್ ಹುಡುಕಿದರೆ ಹೇಗೆ? ನಿಕಲ್ ಕಾಲಮ್‌ಗೆ (ಹಿಸ್ಟಿಡಿನ್ ಟ್ಯಾಗ್ ಹಿಡಿಯುವುದು) ಸೂಪರ್ನೇಟೆಂಟ್ ನೇರವಾಗಿ ಹಾಕಬಹುದಾ?

ಉತ್ತರ 2: ಹುಡುಕಿ, ಆದರೆ ಕಾಪಿ ಹೆಚ್ಚಾದಷ್ಟೂ ಇಳುವರಿ ಹೆಚ್ಚು ಅನ್ನುವ ನಂಬಿಕೆ ಡೈಸಲ್ಫೈಡ್ ಪ್ರೋಟೀನ್‌ಗಳಿಗೆ ಹೊಂದುವುದಿಲ್ಲ. ಮಡಚುವ ಜಾಗದಲ್ಲಿ ಜಾಮ್ ಆಗಿ ಕಡಿಮೆ ಕಾಪಿಯ ಕ್ಲೋನ್‌ಗಳೇ ಗೆಲ್ಲುವುದುಂಟು. ಎರಡೂ ಬಗೆಯವನ್ನು ಪಕ್ಕಪಕ್ಕದಲ್ಲಿ ಬೆಳೆಸಿ ನೋಡಿ.

ಉತ್ತರ 3: ನೇರ ಬೇಡ. ಮೀಡಿಯಾದ ಪೆಪ್ಟೈಡ್‌ಗಳು ನಿಕಲ್ ಕಿತ್ತುಕೊಳ್ಳುತ್ತವೆ. ಪಿಎಚ್ 6ರಿಂದ 8ಕ್ಕೆ ಏರಿಸಿದ ಕೂಡಲೇ ಫಾಸ್ಫೇಟ್ ಬೆಳ್ಳಗೆ ಗರಣೆ ಕಟ್ಟಿ ಕಾಲಮ್ ಕಟ್ಟಿಕೊಳ್ಳುತ್ತದೆ. 10 ಕಿಲೋಡಾಲ್ಟನ್ ಮೆಂಬ್ರೇನ್‌ನಲ್ಲಿ ಸಾಂದ್ರ ಮಾಡಿ, 300 ಮಿಲಿಮೋಲಾರ್ ಉಪ್ಪಿರುವ ಪಿಎಚ್ 8 ಬಫರ್‌ಗೆ ಬದಲಿಸಿ, 0.45 ಮೈಕ್ರಾನ್ ಫಿಲ್ಟರ್ ಹಾಯಿಸಿದ ಮೇಲೆ ಹಾಕಿ. ಇಡಿಟಿಎ ಇರುವ ಪ್ರೋಟಿಯೇಸ್ ಕಾಕ್‌ಟೇಲ್ ಮಾತ್ರ ಹಾಕಬೇಡಿ, ಅದೂ ನಿಕಲ್ ತೊಳೆದುಬಿಡುತ್ತದೆ. ಪ್ರೋಟಿಯೇಸ್ ತಡೆಯಲು ಪಿಎಂಎಸ್‌ಎಫ್ ಸಾಕು, ಅದು ನೀರಿನಲ್ಲಿ ಹೆಚ್ಚು ಹೊತ್ತು ಉಳಿಯದ ಕಾರಣ ಕೊನೇ ಗಳಿಗೆಯಲ್ಲಿ ಬೆರೆಸಿ.