ಸಿ ಡ್ರೈವನ್ನು ಇಡಿಯಾಗಿ ಕಾಪಿ ಮಾಡುವ ಬಗ್ಗೆ

ಚಿಕ್ಕಪ್ಪ, ಹಳೆಯ ಕಂಪ್ಯೂಟರಿನ ಸಿ ಡ್ರೈವನ್ನು ಇಡಿಯಾಗಿ ಕಾಪಿ ಮಾಡಿ ಹೊಸದರಲ್ಲಿ ಪೇಸ್ಟ್ ಮಾಡಿದರೆ ಆಗದೇ ಎಂದು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದಿರಿ. ದಯವಿಟ್ಟು ಹಾಗೆ ಮಾಡಬೇಡಿ. ಕಾರಣ ಸ್ವಲ್ಪ ಉದ್ದವಿದೆ, ಬಿಡುವಾದಾಗ ಕೇಳಿಸಿಕೊಳ್ಳಿ.

ಸಿ ಡ್ರೈವಿನಲ್ಲಿ ವಿಂಡೋಸ್ ಮತ್ತು ಪ್ರೋಗ್ರಾಂಗಳೂ ಸೇರಿಕೊಂಡಿರುತ್ತವೆ. ಯಾವುದೇ ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ತನ್ನ ವಿವರಗಳನ್ನು ವಿಂಡೋಸಿನ ರಿಜಿಸ್ಟ್ರಿ ಎಂಬ ಸೆಟ್ಟಿಂಗ್‌ಗಳ ದಾಖಲೆಯಲ್ಲಿಯೂ ಬರೆದಿಡುವುದರಿಂದ, ಅದರ ಫೋಲ್ಡರನ್ನಷ್ಟೇ ಹೊತ್ತೊಯ್ದರೆ ಹೆಚ್ಚಿನವು ಕೆಲಸ ಮಾಡುವುದಿಲ್ಲ. ಅವನ್ನು ಹೊಸದಾಗಿಯೇ ಹಾಕಿಕೊಳ್ಳಬೇಕು. ನಿಮ್ಮ ಸ್ವಂತದ್ದು ಹೆಚ್ಚಾಗಿ ಇರುವುದು ಯೂಸರ್ಸ್ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರಿನಲ್ಲಿರುವ ಫೋಲ್ಡರಿನಲ್ಲಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ ಅಲ್ಲೇ ಸಿಗುತ್ತವೆ. ಡಿ ಡ್ರೈವ್ ಇದ್ದರೆ ಅದನ್ನೂ ಒಮ್ಮೆ ನೋಡಿ.

ಆದರೆ ಜನ ಕಳೆದುಕೊಳ್ಳುವುದು ಕಣ್ಣಿಗೆ ಕಾಣುವ ಫೈಲುಗಳನ್ನಲ್ಲ. ಬ್ರೌಸರಿನ ಬುಕ್‌ಮಾರ್ಕುಗಳು ಮತ್ತು ಉಳಿಸಿದ ಪಾಸ್‌ವರ್ಡುಗಳು ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿರುತ್ತವೆ. ಅದನ್ನು ಕೆದಕುವುದಕ್ಕಿಂತ ಬ್ರೌಸರಿನಲ್ಲಿ ಖಾತೆಗೆ ಲಾಗಿನ್ ಆಗಿ ಸಿಂಕ್ ಮಾಡುವುದು ಲೇಸು. ನೀವು ಇಮೇಲ್‌ಗೆ ಹಳೆಯ ಔಟ್‌ಲುಕ್ ಪ್ರೋಗ್ರಾಂ ಬಳಸುತ್ತಿದ್ದರೆ, ಇಮೇಲ್‌ಗಳನ್ನು ಕೂಡಿಟ್ಟಿರುವ ಪಿಎಸ್‌ಟಿ ಎಂಬ ಫೈಲನ್ನು ಹುಡುಕಿ, ಔಟ್‌ಲುಕ್ ಮುಚ್ಚಿದ ಮೇಲೆ ಕಾಪಿ ಮಾಡಿ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟೂ ಜೊತೆಗೆ ಬರಬೇಕು, ಇಲ್ಲವಾದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿ ಮೋಡದ ಗುರುತಿರುವ ಫೈಲುಗಳು ನಿಮ್ಮ ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇರುತ್ತದೆ.

ಸಾಗಿಸಲು ಹೊರಗಿನ ಹಾರ್ಡ್‌ಡಿಸ್ಕ್ ಸಾಕು. ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಮಾದರಿ ಫ್ಯಾಟ್ 32 ಆಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಅದರೊಳಗೆ ಹೋಗುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿದ್ದರೆ ತೊಂದರೆಯಿಲ್ಲ. ಮಾದರಿ ಬದಲಿಸಲು ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಯುಎಸ್‌ಬಿ 2.0 ಪೋರ್ಟಾದರೆ 200 ಜಿಬಿಗೆ ಎರಡು ಗಂಟೆಯಾದರೂ ಬೇಕಾದೀತು. ಯಾವ ಕಾರಣಕ್ಕೂ ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ನಾನೊಮ್ಮೆ ಕಟ್ ಮಾಡಿ, ಮಧ್ಯದಲ್ಲಿ ಕೇಬಲ್ ಸಡಿಲವಾಗಿ, ಯಾವ ಫೋಟೊ ಎಲ್ಲಿದೆ ಎಂದು ಒಂದಿಡೀ ದಿನ ಹುಡುಕಿದ್ದೇನೆ.

ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಫೈಲುಗಳ ಸಂಖ್ಯೆ ಮತ್ತು ಗಾತ್ರ ಹೊಂದುತ್ತವೆಯೇ ನೋಡಿ. ಅಷ್ಟೇ ಸಾಲದು, ಹತ್ತಾರು ಫೈಲುಗಳನ್ನು ತೆರೆದೂ ನೋಡಬೇಕು.

ನಿಮ್ಮದು ವಿಂಡೋಸ್ 10 ಎಂದಿರಿ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಬದಲಾಯಿಸುತ್ತಿರುವುದು ಒಳ್ಳೆಯದೇ. ಆದರೂ ಹಳೆಯದನ್ನು ಇಂದೇ ಅಳಿಸಬೇಡಿ. ಇಂಟರ್ನೆಟ್ ತೆಗೆದು ಒಂದೆರಡು ತಿಂಗಳು ಮೂಲೆಯಲ್ಲಿಡಿ, ಏಕೆಂದರೆ ಮರೆತ ಫೈಲು ನೆನಪಾಗುವುದು ಅದು ಬೇಕಾದ ದಿನವೇ. ಅದರಲ್ಲಿ ಬಿಟ್‌ಲಾಕರ್ (ಡ್ರೈವಿನಲ್ಲಿರುವುದನ್ನು ಗೂಢಲಿಪಿಯಲ್ಲಿ ಭದ್ರಪಡಿಸುವ ವಿಂಡೋಸಿನ ಸೌಲಭ್ಯ) ಹಾಕಿದ್ದರೆ, ಅದನ್ನು ತೆರೆಯುವ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾನು ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಯೂಸರ್ಸ್ ಫೋಲ್ಡರಿನ ಗಾತ್ರ ಎಷ್ಟಿದೆ ಎಂದು ಮಾತ್ರ ನೋಡಿಟ್ಟಿರಿ, ಎಷ್ಟು ದೊಡ್ಡ ಡಿಸ್ಕ್ ಬೇಕೆಂದು ಆಗ ಹೇಳುತ್ತೇನೆ.